ಒಂದು ಲಕ್ಷದ ಮೂರು ಎಂಬ ಸಂಖ್ಯಾಮಹಾಶಯರಿಗೆ ನೆಲದ ಮೇಸ್ತ್ರಿಯ ಅಹವಾಲು

ಶ್ರೀಯುತ ಒಂದು ಲಕ್ಷದ ಮೂರು (1,00,003) ಅವರ ಸನ್ನಿಧಿಗೆ,
ಒಂದು ಲಕ್ಷದ ಎರಡು ಮತ್ತು ಒಂದು ಲಕ್ಷದ ನಾಲ್ಕರ ನಡುವಿನ ಒಂಟಿ ಮನೆ,
ಸಂಖ್ಯೆಗಳ ಬೀದಿ.

ಮಾನ್ಯರೇ,

ತಮ್ಮ ಅಖಂಡ ವ್ಯಕ್ತಿತ್ವಕ್ಕೆ ನನ್ನ ಎರಡು ಊದಿಕೊಂಡ ಮಂಡಿಗಳ ಪರವಾಗಿ ಬಗ್ಗಿ ಮಾಡಿದ ನಮಸ್ಕಾರಗಳು. ಬಗ್ಗಿ ಎಂದು ಮರ್ಯಾದೆಗೆ ಬರೆದೆನೇ ಹೊರತು ಅಷ್ಟು ಬಗ್ಗುವ ಶಕ್ತಿ ಸದ್ಯಕ್ಕೆ ನನ್ನಲ್ಲಿ ಇಲ್ಲವಾದ್ದರಿಂದ, ಅಡುಗೆಮನೆಯ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕುಳಿತು, ಬಿಸಿನೀರಿನ ಚೀಲವನ್ನು ಎಡ ಮಂಡಿಯಿಂದ ಬಲ ಮಂಡಿಗೂ ಬಲ ಮಂಡಿಯಿಂದ ಎಡ ಮಂಡಿಗೂ ಬದಲಾಯಿಸುತ್ತಾ ಈ ಪತ್ರವನ್ನು ಬರೆಯುತ್ತಿದ್ದೇನೆ. ತಾವು ಕ್ಷೇಮವೇ ಎಂದು ಕೇಳುವುದು ರೂಢಿ. ಆದರೆ ಎರಡರಿಂದಲಾಗಲಿ ಮೂರರಿಂದಲಾಗಲಿ ಏಳರಿಂದಲಾಗಲಿ ಜಪ್ಪಯ್ಯ ಎಂದರೂ ಭಾಗವಾಗದೆ, ಇಡೀ ಜಗತ್ತಿನಲ್ಲಿ ಒಂದಕ್ಕೆ ಮತ್ತು ತಮಗೆ ತಾವೇ ಮಾತ್ರ ಒಗ್ಗುವ ಮಹನೀಯರೊಳಗೆ ಅಸೌಖ್ಯವೆಂಬುದು ಯಾವ ಸಂದಿಯಿಂದ ನುಗ್ಗೀತು? ಆದ್ದರಿಂದ ತಮ್ಮ ಕ್ಷೇಮವನ್ನು ನಾನೇ ಊಹಿಸಿಕೊಂಡು ನೇರವಾಗಿ ನನ್ನ ವಿಷಯಕ್ಕೆ ಬರುತ್ತೇನೆ.

ನಾನು ನೆಲದ ಮೇಸ್ತ್ರಿ. ಈ ಊರಿನಲ್ಲಿ ಜನ ಕಾಲಿನಿಂದ ನಡೆಯುವ ಬಹುಪಾಲು ಜಾಗಗಳಲ್ಲಿ ಅವರಿಗಿಂತ ಮೊದಲು ಮಂಡಿಯಿಂದ ನಡೆದು ಬಂದವನು. ಬ್ಯಾಂಕಿನ ನೆಲ ನನ್ನದು, ಹಲ್ಲಿನ ಡಾಕ್ಟರ ಕಾಯುವ ಕೋಣೆಯ ನೆಲ ನನ್ನದು, ನನ್ನ ಮಂಡಿಗಳನ್ನು ತಟ್ಟಿ ನೋಡಿ ತಲೆಯಾಡಿಸುವ ಮೂಳೆ ಡಾಕ್ಟರ ಕ್ಲಿನಿಕ್ಕಿನ ನೆಲವೂ ನನ್ನದೇ. ಎಡ ಮಂಡಿ ಕೈಕೊಟ್ಟದ್ದು ಆ ನೆಲ ಹಾಕುವಾಗಲೇ. ಆ ಡಾಕ್ಟರು ಈಚೆಗೆ ನನ್ನ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, “ನೋಡಿ ಮೇಸ್ತ್ರೀ, ಇನ್ನೂ ಹೀಗೇ ಮಂಡಿ ಊರ್ತಾ ಇದ್ರೆ ಒಂದು ದಿನ ನಿಮ್ಮನ್ನ ಎಬ್ಬಿಸೋಕೆ ಕ್ರೇನ್ ಕರೆಸ್ಬೇಕಾಗುತ್ತೆ” ಎಂದು ಬಹಳ ಪ್ರೀತಿಯಿಂದ ತಿಳಿಸಿದರು. ಇದನ್ನು ನನಗೆ ಕೆಲಸ ಕೊಡುವ, ನೆಲಕ್ಕೆ ಹಾಸುವ ಬಿಲ್ಲೆಗಳ ಕಾರ್ಖಾನೆಯ ಯಜಮಾನರ ಕಿವಿಗೆ ಹಾಕಿದಾಗ ಅವರು ಮರುಗಿ, ಊರಿನ ಹುಡುಗಿಯರಿಗೆ ಕುಣಿತ ಕಲಿಸುವ ಡಾನ್ಸ್ ಮೇಡಂ ಅವರ ಮಂಟಪದ ನೆಲವೊಂದನ್ನು ಮುಗಿಸಿಕೊಟ್ಟರೆ ಆಮೇಲೆ ಶೋರೂಮಿನ ತಿರುಗುವ ಕುರ್ಚಿ ನನ್ನದೇ ಎಂದು ಮಾತು ಕೊಟ್ಟರು. ಗಿರಾಕಿಗಳಿಗೆ ಬಣ್ಣ ತೋರಿಸುವುದು, ಅಳತೆ ಕೇಳುವುದು, ಕೂರುವುದು, ಕೆಲಸ ಅಷ್ಟೇ. ಆದರೆ ಆ ಕುರ್ಚಿಯ ಮೇಲೆ ಯಜಮಾನರ ಸೋದರಳಿಯನಿಗೂ ಕಣ್ಣಿತ್ತು. ನೆಲ ತಡವಾದರೆ ಕುರ್ಚಿ ಅವನದೆಂದು ಕಾರ್ಖಾನೆಯವರಿಗೆಲ್ಲ ಗೊತ್ತಿತ್ತು, ಅವನಂತೂ ಮನೆಯಿಂದ ತನ್ನದೇ ದಿಂಬು ತಂದು ಇಟ್ಟಾಗಿತ್ತು.

ಇನ್ನು ನಮ್ಮ ಯಜಮಾನರ ವಿಚಾರ. ಅವರ ಕಾರ್ಖಾನೆ ಒಂದಂಗುಲದ ಚೌಕ ಬಿಲ್ಲೆಗಳಿಗೆ ಹೆಸರುವಾಸಿ, ಅದಕ್ಕಿಂತ ಹೆಸರುವಾಸಿ ಅವರ ಸೌಜನ್ಯ. ಯಾರು ಎಷ್ಟೇ ಬಿಲ್ಲೆ ಕೇಳಲಿ, ಕೇಳಿದ್ದರ ಮೇಲೆ ಮೂರು ಬಿಲ್ಲೆ ಹೆಚ್ಚಿಗೆ ಕೊಡುವುದು ಅವರ ತಾತನ ಕಾಲದಿಂದ ನಡೆದು ಬಂದ ಪದ್ಧತಿ. ಒಂದು ಹೆಚ್ಚು ಕೊಟ್ಟರೆ ಜಿಪುಣತನ, ಎರಡು ಕೊಟ್ಟರೆ ಎಣಿಕೆ ತಪ್ಪಿದ ಹಾಗೆ, ನಾಲ್ಕು ಕೊಟ್ಟರೆ ಜಂಬ, ಮೂರಾದರೆ ಮರ್ಯಾದೆ ಎಂಬುದು ಅವರ ಸಿದ್ಧಾಂತ. ಆ ಮೂರು ಬಿಲ್ಲೆಗಳು ಉಳಿದವುಗಳ ಜೊತೆ ಬೆರೆತು ಬರುವುದಿಲ್ಲ. ಹತ್ತಿ ಹಾಸಿದ ಪುಟ್ಟ ಪೆಟ್ಟಿಗೆಯಲ್ಲಿ ಕುಳಿತು, ಯಜಮಾನರ ಕೈಯಿಂದಲೇ ಗಿರಾಕಿಯ ಕೈಗೆ ಬರುತ್ತವೆ. ಇಷ್ಟು ವರ್ಷ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಗೋಡೆಯಿದ್ದ ಕಡೆ ಬಿಲ್ಲೆಗಳನ್ನು ಕತ್ತರಿಸಿ ಮೂಲೆ ತುಂಬುತ್ತಿದ್ದೆವು, ಮೂರರಲ್ಲಿ ಒಂದೆರಡು ಬೀರುವಿನ ಕೆಳಗೆ ಸೇರಿಹೋಗುತ್ತಿದ್ದವು, ಗಿರಾಕಿ ಸಂತೋಷವಾಗಿರುತ್ತಿದ್ದರು.

ಡಾನ್ಸ್ ಮೇಡಂ ಅವರ ಮಂಟಪಕ್ಕೆ ಗೋಡೆಯೇ ಇಲ್ಲ, ಬೀರುವಂತೂ ಇಲ್ಲವೇ ಇಲ್ಲ. ಮನೆಯ ಹಿಂದಿನ ಬಯಲಿನಲ್ಲಿ ಮೊದಲು ನೆಲ ಬರಬೇಕು, ಆ ನೆಲದ ಅಂಚು ನೋಡಿಕೊಂಡು ಆಮೇಲೆ ಕಂಬ ನೆಟ್ಟು ಮಾಡು ಕಟ್ಟುವುದೆಂದು ಅವರ ಯೋಜನೆ. ಕುಣಿಯುವ ಕಾಲಿಗೆ ಚೂಪು ತಾಗಬಾರದಾದ್ದರಿಂದ ಒಂದು ಬಿಲ್ಲೆಯನ್ನೂ ಕತ್ತರಿಸಕೂಡದು, ನೆಲಕ್ಕೆ ನಾಲ್ಕೇ ಮೂಲೆ ಇರಬೇಕು, ಐದನೆಯ ಮೂಲೆ ಎಲ್ಲಿಂದಲೂ ಇಣುಕಬಾರದು ಎಂದು ಅವರು ಮೊದಲೇ ಹೇಳಿದ್ದರು. ಅವರು ಕೇಳಿದ್ದು ಒಂದು ಲಕ್ಷ ಬಿಲ್ಲೆ. ಮಾನ್ಯರೇ, ತಮ್ಮ ನೆರೆಯವರನ್ನು ತಮ್ಮೆದುರು ಹೊಗಳುವುದು ಸಭ್ಯತೆಯಲ್ಲವೆಂದು ಬಲ್ಲೆ, ಆದರೂ ಹೇಳದೆ ಇರಲಾರೆ: ಒಂದು ಲಕ್ಷವೆಂಬುದು ಎಂಥ ಸಂಭಾವಿತ ಸಂಖ್ಯೆ! ಎರಡು ಬಂದು ಕರೆದರೆ ಹೂಂ ಎನ್ನುತ್ತದೆ, ಐದು ಬಂದು ಕರೆದರೆ ಹೂಂ ಎನ್ನುತ್ತದೆ. ನಾನೂರು ಉದ್ದ, ಇನ್ನೂರೈವತ್ತು ಅಗಲ ಎಂದು ನಾನು ದಾರ ಕಟ್ಟಿ ಗೂಟ ಹೊಡೆದು ನೆಲ ತಟ್ಟಿ ಕಾದಿದ್ದೆ.

ಅಷ್ಟರಲ್ಲಿ ಯಜಮಾನರು ಹತ್ತಿಯ ಪೆಟ್ಟಿಗೆ ಹಿಡಿದು ಬಂದರು. ಮೇಡಂ ಅದನ್ನು ತೆರೆದು ನೋಡಿ, ಕಣ್ಣಂಚು ಒರೆಸಿಕೊಂಡು, “ಇಷ್ಟು ಪ್ರೀತಿಯಿಂದ ಕೊಟ್ಟಿದ್ದೀರಿ, ಇವು ಮೂರೂ ನನ್ನ ನೆಲದಲ್ಲೇ ಸೇರ್ಬೇಕು. ಬೇರೆ ಕೂರಿಸಿದ ಹಾಗೆ ಕಾಣ್ಬಾರ್ದು, ಯಾವ ಮೂರು ಅಂತ ಯಾರಿಗೂ ಗೊತ್ತೂ ಆಗ್ಬಾರ್ದು” ಎಂದರು. ಯಜಮಾನರು ಪುಳಕಿತರಾದರು. ಒಬ್ಬರ ಸೌಜನ್ಯಕ್ಕೆ ಇನ್ನೊಬ್ಬರು ಸೌಜನ್ಯ ತೋರಿಸುತ್ತಾ ಇಬ್ಬರೂ ಕಾಫಿ ಕುಡಿಯಲು ಒಳಗೆ ಹೋದರು. ಹೊರಗೆ ಬಯಲಿನಲ್ಲಿ ಉಳಿದವರು ನಾನು ಮತ್ತು ತಾವು.

ನಮ್ಮ ಮೊದಲ ಭೇಟಿಯನ್ನು ನಾನು ಮರೆಯುವಂತಿಲ್ಲ. ಚೀಲ ಬಿಚ್ಚುವ ಮೊದಲು ಮಣ್ಣಿನ ಮೇಲೆ ಕಡ್ಡಿಯಿಂದ ಲೆಕ್ಕ ಹಾಕುತ್ತಾ ಕೂತೆ. ಎರಡು ಸಾಲು ಮಾಡೋಣವೆಂದರೆ ಒಂದು ಬಿಲ್ಲೆ ಉಳಿಯಿತು. ಮೂರು ಸಾಲೆಂದರೆ ಒಂದು ಬಿಲ್ಲೆ ಉಳಿಯಿತು. ಏಳೆಂದರೆ ಮತ್ತೆ ಅದೇ ಒಂದು ಬಿಲ್ಲೆ ಉಳಿದು ನನ್ನ ಮುಖ ನೋಡುತ್ತಿತ್ತು. ಹನ್ನೊಂದರ ಬಳಿ ಹೋದರೆ ಎರಡು ಉಳಿದವು, ಹದಿಮೂರರಲ್ಲಿ ಏಳು ಉಳಿದವು, ಹದಿನೇಳರಲ್ಲಿ ಒಂಬತ್ತು. ಇಪ್ಪತ್ತಮೂರಕ್ಕೆ ಬಂದಾಗ ತಾವು ಮಾಡಿದ ಚೇಷ್ಟೆಯಂತೂ ಮೆಚ್ಚತಕ್ಕದ್ದು. ಎಲ್ಲ ಸಾಲುಗಳೂ ಸರಸರನೆ ತುಂಬುತ್ತಾ ಹೋಗಿ, ನಾನು ಎದ್ದು ಸೊಂಟ ನೆಟ್ಟಗೆ ಮಾಡಿ ದೇವರಿಗೊಂದು ಮಾತು ಹೇಳುವ ಹೊತ್ತಿಗೆ, ಕೊನೆಯ ಸಾಲಿಗೆ ಒಂದೇ ಒಂದು ಬಿಲ್ಲೆ ಕಡಿಮೆ ಬಿತ್ತು. ಇಷ್ಟು ನಾಜೂಕಾಗಿ ಕೈಕೊಡುವುದನ್ನು ನಾನು ಗಾರೆಯವರಲ್ಲೂ ನೋಡಿಲ್ಲ, ಬಣ್ಣದವರಲ್ಲೂ ನೋಡಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಸಂಜೆ ಮನೆಗೆ ಬಂದು ಕೈ ತೊಳೆಯುತ್ತಾ ತಮ್ಮ ಹೆಸರನ್ನು ನನ್ನ ಹೆಂಡತಿಯ ಎದುರು ಎತ್ತಿದೆ, ಅದೇ ನಾನು ಮಾಡಿದ ದೊಡ್ಡ ಎಡವಟ್ಟು. ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ತಟ್ಟೆ ಇಡುತ್ತಿದ್ದವಳು ತಟ್ಟೆಯನ್ನು ಅಲ್ಲೇ ಬಿಟ್ಟು ಪೆನ್ಸಿಲ್ ಹುಡುಕಿದಳು. ತಮಗೆ ಜೋಡಿ ಭಾಜಕಗಳಿದ್ದಿದ್ದರೆ ಜೋಡಿಯಲ್ಲಿ ಚಿಕ್ಕದಾದರೂ ಮುನ್ನೂರ ಹದಿನಾರನ್ನು ಮೀರಲಾರದು, ಏಕೆಂದರೆ ಮುನ್ನೂರ ಹದಿನೇಳನ್ನು ಮುನ್ನೂರ ಹದಿನೇಳರಿಂದ ಗುಣಿಸಿದರೇ ತಮ್ಮನ್ನು ದಾಟಿಹೋಗುತ್ತದೆ ಎಂದು ವಿವರಿಸಿದಳು. ಹಾಗಾಗಿ ಅಲ್ಲಿಯವರೆಗಿನ ಅವಿಭಾಜ್ಯ ಸಂಖ್ಯೆಗಳನ್ನು ಒಂದೊಂದಾಗಿ ತಮ್ಮ ಮೇಲೆ ಬಿಟ್ಟು ನೋಡಿದರೆ ಸಾಕೆಂದು, ಎರಡರಿಂದ ಮುನ್ನೂರ ಹದಿಮೂರರವರೆಗೆ ಒಟ್ಟು ಅರವತ್ತೈದನ್ನೂ ಬಿಟ್ಟಳು. ಅರವತ್ತೈದೂ ಮುಖ ಕೆಳಗೆ ಹಾಕಿಕೊಂಡು ಹಿಂದಿರುಗಿದವು. ಆಗ ನನ್ನ ಹೆಂಡತಿ ಪೆನ್ಸಿಲನ್ನು ಕೆಳಗಿಟ್ಟು, ಕೆನ್ನೆಗೆ ಕೈ ಕೊಟ್ಟು, “ಎಂಥಾ ಗಟ್ಟಿ ಆಸಾಮಿ ರೀ ಇದು!” ಎಂದಳು.

ಮಾನ್ಯರೇ, ಮದುವೆಯಾದಂದಿನಿಂದ ನಾನು ಸಿಮೆಂಟು ಹೊತ್ತಿದ್ದೇನೆ, ಕಲ್ಲು ಹೊತ್ತಿದ್ದೇನೆ, ಅವಳ ತಾಯಿಯ ಕಬ್ಬಿಣದ ಮಂಚವನ್ನು ಒಬ್ಬನೇ ಮೂರನೆಯ ಮಹಡಿಗೆ ಹತ್ತಿಸಿದ್ದೇನೆ. ಗಟ್ಟಿ ಆಸಾಮಿ ಎಂದು ನನ್ನನ್ನು ಅವಳು ಒಮ್ಮೆಯೂ ಕರೆದಿಲ್ಲ.

ತಮ್ಮನ್ನು ನಾಲ್ಕೇ ಮೂಲೆಗೆ ಒಗ್ಗಿಸುವ ದಾರಿ ಒಂದಾದರೂ ಇದೆಯೇ ಎಂದು ನಾನು ಹಲ್ಲು ಕಚ್ಚಿ ಕೇಳಿದೆ. ಇದೆ, ಒಂದೇ ಒಂದು ಇದೆ ಎಂದಳು: ಅಗಲ ಒಂದು ಬಿಲ್ಲೆ, ಉದ್ದ ಒಂದು ಲಕ್ಷದ ಮೂರು ಬಿಲ್ಲೆ. ಬಿಲ್ಲೆಗಳ ನಡುವಿನ ಸಂದುಗಳನ್ನು ಬಿಟ್ಟರೂ ಸುಮಾರು ಎರಡೂವರೆ ಕಿಲೋಮೀಟರು ಉದ್ದದ, ಒಂದಂಗುಲ ಅಗಲದ ಮಂಟಪ. ನಾನು ಇದನ್ನು ತಮಾಷೆಗೆಂದು ಯಜಮಾನರಿಗೆ ಹೇಳಿದರೆ ಅವರು ತಮಾಷೆಗೆಂದು ಕೇಳಲಿಲ್ಲ. ಮೇಡಂ ಅವರ ಹಿತ್ತಲಿನಿಂದ ಹೊರಟರೆ ಬೇಕರಿಯ ಒಲೆಯ ಕೆಳಗೆ ಹಾದು, ಅಂಚೆ ಕಚೇರಿಯ ಸರದಿ ಸಾಲನ್ನು ಸೀಳಿ, ಪೆಟ್ರೋಲ್ ಬಂಕು ದಾಟಿ, ಆಟದ ಮೈದಾನದ ಗೋಲಿನ ನಡುವೆ ಮುಗಿಯುತ್ತದೆಂದು ಗೋಡೆಯ ಮೇಲಿನ ಊರಿನ ನಕ್ಷೆಯಲ್ಲಿ ಬೆರಳಿಟ್ಟು ನೋಡಿದರು. ಬೇಕರಿಯವನು ತನ್ನ ಸ್ನೇಹಿತ, ಒಪ್ಪಿಸಬಹುದು ಎಂದೂ ಸೇರಿಸಿದರು. ಮೇಡಂ ಅವರ ಶಿಷ್ಯೆಯರು ಒಬ್ಬರ ಹಿಂದೊಬ್ಬರು ಒಂಟಿ ಹೆಬ್ಬೆರಳಿನ ಮೇಲೆ ನಿಂತು ಕುಣಿಯುತ್ತಾ ಊರಾಚೆಗೆ ಹೋಗುವುದನ್ನು ನೆನೆದು ನಾನೇ ಅವರ ಬೆರಳನ್ನು ನಕ್ಷೆಯಿಂದ ಎತ್ತಿ ಕೆಳಗಿಟ್ಟೆ.

ಆಮೇಲೆ ನಾನು ತಮ್ಮ ನೆರೆಹೊರೆಯಲ್ಲಿ ವಿಚಾರಿಸಿದೆ. ತಮ್ಮ ಎಡಮನೆಯ ಒಂದು ಲಕ್ಷದ ಎರಡನ್ನು ನೋಡಿ: ಎರಡರಿಂದ ಭಾಗವಾಗುತ್ತದೆ, ಮೂರರಿಂದ ಆಗುತ್ತದೆ, ಏಳರಿಂದಲೂ ಆಗುತ್ತದೆ, ಯಾರು ಬಂದರೂ ಬಾಗಿಲು ತೆಗೆಯುವ ಸಂಸಾರವಂತ ಸಂಖ್ಯೆ. ಬಲಮನೆಯ ಒಂದು ಲಕ್ಷದ ನಾಲ್ಕು ತೊಂಬತ್ತೆರಡು ಅಗಲ, ಒಂದು ಸಾವಿರದ ಎಂಬತ್ತೇಳು ಉದ್ದವಾಗಿ ತಣ್ಣಗೆ ಮಲಗುತ್ತದೆ. ಹಾಗಾದರೆ ಇನ್ನೊಂದೇ ಒಂದು ಬಿಲ್ಲೆ ಹೆಚ್ಚಿಗೆ ಕೊಟ್ಟುಬಿಡಿ ಎಂದು ಯಜಮಾನರನ್ನು ಬೇಡಿಕೊಂಡೆ. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು, “ನಾಲ್ಕಾ? ನಮ್ಮ ತಾತ ಇದನ್ನ ಕೇಳಿಸ್ಕೊಂಡಿದ್ರೆ ಏನಂತಿದ್ರು ಮೇಸ್ತ್ರೀ?” ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಒಂದು ಬಿಲ್ಲೆಯನ್ನು ವಾಪಸು ಪಡೆಯಿರಿ ಎಂದಾಗ ನೀರು ಹೋಗಿ ಸಿಟ್ಟು ಬಂತು. ಮನೆಯಲ್ಲಿ ನಮ್ಮ ಅತ್ತೆ, “ಅಲ್ಲ ಅಳಿಯಂದ್ರೇ, ಒಂದು ಕಳೆದ್ಹೋಯ್ತು ಅನ್ಬಾರ್ದಾ?” ಎಂದು ಮಾರ್ಗ ತೋರಿಸಿದರು. ಆದರೆ ಮೇಡಂ ಆ ಮೂರನ್ನು ಗಾಜಿನ ಬಟ್ಟಲಿನಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದರಾದ್ದರಿಂದ, ಕಳೆದುಹೋಗಲು ಅವುಗಳಿಗೆ ಪುರುಸೊತ್ತೇ ಇರಲಿಲ್ಲ.

ಇಷ್ಟರಲ್ಲಿ ತಾವು ನನ್ನ ಮನೆಯಲ್ಲಿ ತಳ ಊರಿಬಿಟ್ಟಿದ್ದಿರಿ. ಫ್ರಿಜ್ಜಿನ ಬಾಗಿಲ ಮೇಲೆ ನಮ್ಮಿಬ್ಬರ ಫೋಟೋ ಇದ್ದ ಕಡೆ ತಮ್ಮ ಆರು ಅಂಕಿಗಳು ಬಂದು ಕುಳಿತವು. ನಡುವೆ ಸಾಲಾಗಿ ನಾಲ್ಕು ಸೊನ್ನೆ ಇಟ್ಟುಕೊಂಡು ಎರಡು ತುದಿಯಲ್ಲಿ ಮಾತ್ರ ಏನೋ ಇರುವ ತಮ್ಮ ರೂಪವನ್ನು ನನ್ನ ಹೆಂಡತಿ ಸರಳ ಸೌಂದರ್ಯವೆಂದಳು. ಆರಂಕಿಯ ಅವಿಭಾಜ್ಯಗಳಲ್ಲಿ ತಾವೇ ಮೊದಲಿಗರು, ಕೆಳಗೆ ಹನ್ನೆರಡು ಮನೆ ಇಳಿದರೂ ಮೇಲೆ ಹದಿನಾರು ಮನೆ ಹತ್ತಿದರೂ ತಮ್ಮಂಥವರು ಇನ್ನೊಬ್ಬರಿಲ್ಲ, ಪಾಪ ಒಂಟಿ ಜೀವ ಎಂದು ಅವಳು ತಮಗಾಗಿ ನಿಟ್ಟುಸಿರು ಬಿಟ್ಟಳು. ಪಕ್ಕದ ಕುರ್ಚಿಯಲ್ಲಿ ಮಂಡಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದ ಇನ್ನೊಂದು ಒಂಟಿ ಜೀವ ಅವಳ ಕಣ್ಣಿಗೆ ಬೀಳಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು ಎಂದು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ. ತಮ್ಮಲ್ಲಿ ಹುಳುಕು ಹುಡುಕಲೇಬೇಕೆಂದು ಹಠ ಹಿಡಿದು, ತಮ್ಮನ್ನು ಹಿಂದುಮುಂದಾಗಿ ಬರೆದೆ. ಮೂರು ಲಕ್ಷದ ಒಂದು. ಆಹಾ! ತಲೆಕೆಳಗಾದ ಕೂಡಲೇ ತಾವು ಹದಿಮೂರರಿಂದ ಭಾಗವಾಗುತ್ತೀರಿ, ನಲವತ್ತೇಳರಿಂದಲೂ ಆಗುತ್ತೀರಿ, ನಾನೂರ ತೊಂಬತ್ತೊಂದರಿಂದಲೂ ಆಗುತ್ತೀರಿ. ಇದನ್ನು ನಾನು ವಿಜಯೋತ್ಸಾಹದಿಂದ ತೋರಿಸಿದರೆ ಅವಳು, “ತಲೆಕೆಳಗೆ ನಿಂತ್ರೆ ನೀವೂ ಹಾಗೇ ಆಗ್ತೀರಿ ಬಿಡಿ” ಎಂದು ಮೂಗು ಮುರಿದಳು.

ಅತ್ತ ಶೋರೂಮಿನಲ್ಲಿ ಸೋದರಳಿಯ ಕುರ್ಚಿಯನ್ನು ಬಲಕ್ಕೆ ತಿರುಗಿಸಿ ನೋಡಿ, ಎಡಕ್ಕೆ ತಿರುಗಿಸಿ ನೋಡಿ, ಎಣ್ಣೆ ಬಿಟ್ಟಿದ್ದಾನೆಂಬ ಸುದ್ದಿ ಬಂತು. ಬಿಲ್ಲೆಗಳು ಬಯಲಿನಲ್ಲಿ ಗೋಣಿಚೀಲಗಳಲ್ಲಿ ಕುಳಿತೇ ಇದ್ದವು. ನನ್ನ ಪರದಾಟ ನೋಡಲಾರದೆ ಕೊನೆಗೆ ಮೇಡಂ ಅವರೇ ಒಂದು ಮೆಟ್ಟಿಲು ಇಳಿದು ಬಂದು, ನೆಲ ಒಂದೇ ತುಂಡಾಗಿರಬೇಕೆಂದೇನೂ ಇಲ್ಲ, ಕುಣಿಯುವವರಿಗೊಂದು ಚೌಕ, ತಾಳ ಹಾಕುವವರು ಕೂರಲು ಒಂದು ಚೌಕ, ಹೀಗೆ ಎರಡಾದರೂ ಸರಿ, ಆದರೆ ಎರಡೂ ಉದ್ದಗಲ ಸಮವಾದ ಅಪ್ಪಟ ಚೌಕಗಳಾಗಿರಬೇಕು ಎಂದು ಅಪ್ಪಣೆ ಕೊಟ್ಟರು. ನಾನು ಕುಣಿಯುತ್ತಾ ಮನೆಗೆ ಬಂದೆ. ಅಂದರೆ ಒಂದು ಕಾಲಿನಲ್ಲಿ ಬಂದೆ, ಇನ್ನೊಂದು ಬರಲಿಲ್ಲ. ಎರಡು ಚೌಕ ತಾನೇ, ಒಂದು ಲಕ್ಷದಷ್ಟು ದೊಡ್ಡ ರಾಶಿಯಲ್ಲಿ ಎರಡು ಚೌಕ ಸಿಗದೆ ಎಲ್ಲಿ ಹೋದಾವು ಎಂದುಕೊಂಡಿದ್ದೆ.

ತಮ್ಮ ಸ್ವಭಾವವನ್ನು ನಾನಿನ್ನೂ ಪೂರ್ತಿ ಅರಿತಿರಲಿಲ್ಲ. ಯಾವ ಚೌಕವನ್ನೇ ತೆಗೆದುಕೊಂಡು ನಾಲ್ಕು ನಾಲ್ಕಾಗಿ ಗುಂಪು ಮಾಡಿದರೂ ಕೊನೆಗೆ ಏನೂ ಉಳಿಯುವುದಿಲ್ಲ, ಇಲ್ಲವೆ ಒಂದು ಉಳಿಯುತ್ತದೆ, ಬೇರೆ ಸಾಧ್ಯವಿಲ್ಲ. ಹಾಗಾಗಿ ಎರಡು ಚೌಕ ಸೇರಿದರೆ ಉಳಿಯುವುದು ಹೆಚ್ಚೆಂದರೆ ಎರಡು ಎಂದು ನನ್ನ ಹೆಂಡತಿ ಊಟದ ಮೇಜಿನ ಮೇಲೆ ಬಟಾಣಿ ಕಾಳು ಜೋಡಿಸಿ ತೋರಿಸಿದಳು. ತಮ್ಮನ್ನು ನಾಲ್ಕು ನಾಲ್ಕಾಗಿ ಗುಂಪು ಮಾಡಿದರೆ ಉಳಿಯುವುದು ಮೂರು. ಆದ್ದರಿಂದ ಸೂರ್ಯ ಚಂದ್ರರಿರುವವರೆಗೆ ತಾವು ಎರಡು ಚೌಕಗಳಾಗಲಾರಿರಿ. ಇದನ್ನು ಹೇಳುವಾಗ ಅವಳ ಮುಖದಲ್ಲಿದ್ದ ಕಳೆಯನ್ನು ನಾನು ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಮಾತ್ರ ನೋಡಿದ್ದೆ. ನಾನು ಬಟಾಣಿ ಕಾಳುಗಳನ್ನು ಬಾಚಿ ಡಬ್ಬಕ್ಕೆ ಹಾಕಿ, ಕುರ್ಚಿ ಸೋದರಳಿಯನಿಗೇ ಹೋಗಲಿ, ನಾನು ಮಂಡಿಯ ಮೇಲೇ ಸಾಯುತ್ತೇನೆ ಎಂದುಬಿಟ್ಟೆ. ನಿಜಕ್ಕೂ ನನಗೆ ಭಯವಾಗಿತ್ತು. ನೆಲದ ಮೇಸ್ತ್ರಿಗೆ ಮಂಡಿ ಹೋದ ಮೇಲೆ ಇನ್ನೇನು ಉಳಿಯುತ್ತದೆ ಎಂದು ಯಾರೂ ನನಗೆ ಹೇಳಿಕೊಟ್ಟಿಲ್ಲ.

ಅವಳಿಗೆ ಏನನ್ನಿಸಿತೋ, ಡಬ್ಬವನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಕಾಳು ಸುರಿದಳು. ಎರಡು ಆಗದಿದ್ದರೇನು, ಮೂರು ಚೌಕಗಳಿಗೆ ತಾವು ಒಲ್ಲೆನ್ನುವಂತಿಲ್ಲವಂತೆ. ತಮ್ಮ ಹಾಗೆ ಎಂಟೆಂಟಾಗಿ ಎಣಿಸಿದಾಗ ಮೂರು ಉಳಿಯುವ ಯಾವ ಸಂಖ್ಯೆಯೂ ಮೂರು ಚೌಕಗಳಾಗಲೇಬೇಕೆಂದು ಹಿರಿಯರು ಸಾಧಿಸಿಟ್ಟಿದ್ದಾರಂತೆ. ಹುಡುಕುವುದಷ್ಟೇ ಬಾಕಿ ಎಂದು ಕೂತವಳು ಅನ್ನ ಆರುವ ಮೊದಲೇ ಹುಡುಕಿದಳು. ಮುನ್ನೂರ ಹದಿನೈದರ ಚೌಕ ತೊಂಬತ್ತೊಂಬತ್ತು ಸಾವಿರದ ಇನ್ನೂರ ಇಪ್ಪತ್ತೈದು. ಇಪ್ಪತ್ತೇಳರ ಚೌಕ ಏಳುನೂರ ಇಪ್ಪತ್ತೊಂಬತ್ತು. ಏಳರ ಚೌಕ ನಲವತ್ತೊಂಬತ್ತು. ಕೂಡಿದರೆ ಸಾಕ್ಷಾತ್ ತಾವು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ನಾನು ಮೂರು ಸಲ ಕೂಡಿ ನೋಡಿದೆ. ಆಮೇಲೆ ಇಂಥ ಮಗಳನ್ನು ಹೆತ್ತದ್ದಕ್ಕಾಗಿ ನಮ್ಮ ಅತ್ತೆಯವರ ಕಾಲಿಗೆ ಬೀಳಲು ಹೋಗಿ, ಬಗ್ಗಲಾಗದೆ, ಕೈಕುಲುಕಿದೆ.

ಮೇಡಂ ಮೊದಲು ಹುಬ್ಬು ಗಂಟಿಕ್ಕಿದರು. ಇಪ್ಪತ್ತಾರು ಅಡಿಯ ದೊಡ್ಡ ಚೌಕ ಕುಣಿಯಲು ಸರಿ, ಇಪ್ಪತ್ತೇಳಂಗುಲದ ಚೌಕ ತಾಳ ಹಾಕುವವರು ಮುದುರಿ ಕೂರಲು ಸರಿ, ಏಳಂಗುಲದ ಚೌಕ ಯಾರಿಗೆ ಎಂಬುದು ಅವರ ಪ್ರಶ್ನೆ. ನಾನು ನೆಲದ ಮೇಲೆ ಸೀಮೆಸುಣ್ಣದಿಂದ ಏಳಂಗುಲದ ಚೌಕ ಬರೆದು ಅಳತೆ ತೋರಿಸುತ್ತಿದ್ದಂತೆ, ಅವರ ಬೆಕ್ಕು ಎಲ್ಲಿಂದಲೋ ಬಂದು, ಆ ಗೆರೆಗಳನ್ನು ಮೂಸಿ, ನಾಲ್ಕು ಕಾಲನ್ನೂ ಒಳಗೆ ಸೇರಿಸಿಕೊಂಡು ಅದರಲ್ಲಿ ಕುಳಿತುಬಿಟ್ಟಿತು. ಅಲ್ಲಿಗೆ ವಾದ ಮುಗಿಯಿತು. ತಮ್ಮ ಗಣಿತವನ್ನು ಇಷ್ಟು ಬೇಗ ಒಪ್ಪಿಕೊಂಡ ಪ್ರಾಣಿ ಇನ್ನೊಂದಿರಲಾರದು.

ದೊಡ್ಡ ಚೌಕವನ್ನು ನಾನು ಹೇಗೆ ಹಾಕಿದೆನೆಂದು ಬರೆಯುವುದಿಲ್ಲ. ತಮ್ಮ ಮೈ ಪೂರ್ತಿಯನ್ನು ನಾನು ಮಂಡಿಯಿಂದ ಅಳೆದಿದ್ದೇನೆ, ಅಷ್ಟು ಸಾಕು. ಕೊನೆಯ ದಿನ ಶಾಲೆಗೆ ರಜೆಯಿತ್ತಾದ್ದರಿಂದ ನನ್ನ ಹೆಂಡತಿ ತಮ್ಮನ್ನು ಕಣ್ಣಾರೆ ಕಾಣಬೇಕೆಂದು ಒಳ್ಳೆಯ ಸೀರೆ ಉಟ್ಟು ಬಂದಳು. ಬೆಕ್ಕಿನ ಚೌಕ ಒಂದು ಬಾಕಿಯಿತ್ತು. ಅದನ್ನು ತಾನೇ ಜೋಡಿಸುತ್ತೇನೆಂದು ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ ನನ್ನ ಪಕ್ಕ ಮಂಡಿಯೂರಿದಳು. ನಲವತ್ತೊಂಬತ್ತೇ ಬಿಲ್ಲೆ. ಮೊದಲ ಎರಡು ಸಾಲಿನಲ್ಲಿ ತಮ್ಮ ಗುಣಗಾನ ನಡೆಯಿತು, ಮೂರನೆಯ ಸಾಲಿನಲ್ಲಿ ಮಾತು ಕಡಿಮೆಯಾಯಿತು, ಐದನೆಯದರಲ್ಲಿ ನಿಂತೇ ಹೋಯಿತು. ಮುಗಿಸಿ ಏಳಲು ಹೋದವಳು ಅರ್ಧದಲ್ಲಿ ನಿಂತು ನನ್ನ ಹೆಗಲು ಹಿಡಿದುಕೊಂಡಳು. ಹಿಂದಿನ ದೊಡ್ಡ ನೆಲವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, “ದಿನಾ ಹೀಗೇನಾ ರೀ?” ಎಂದಳು. ನಾನು ಅವಳ ಸೀರೆಯ ಮಂಡಿಗೆ ಮೆತ್ತಿದ್ದ ಸಿಮೆಂಟನ್ನು ಒರೆಸಿದೆ. ಬಾಯಿ ತೆರೆದಿದ್ದರೆ ಅತ್ತುಬಿಡುತ್ತಿದ್ದೆ. ಆ ಒಂದು ಮಾತಿಗಾಗಿ ನಾನು ತಮ್ಮನ್ನು ಅರ್ಧ ಕ್ಷಮಿಸಿದ್ದೇನೆ. ಅರ್ಧವೆಂದರೇನೆಂದು ತಮಗೆ ಅರ್ಥವಾಗದಿದ್ದರೆ ತಮ್ಮ ನೆರೆಯವರನ್ನು ಕೇಳಿ ತಿಳಿದುಕೊಳ್ಳತಕ್ಕದ್ದು.

ಅಲ್ಲಿಂದ ಅವಳು ಮನೆಗೆ ಬರಲಿಲ್ಲ, ಕುಂಟುತ್ತಾ ನೇರವಾಗಿ ಕಾರ್ಖಾನೆಗೆ ಹೋದಳು. ಯಜಮಾನರಿಗೆ ಏನು ಹೇಳಿದಳೋ ಗೊತ್ತಿಲ್ಲ, ಬಾಗಿಲು ಮುಚ್ಚಿತ್ತು. ಬಾಗಿಲು ತೆರೆದಾಗ ಸೋದರಳಿಯ ತನ್ನ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದ. ಸೋಮವಾರದಿಂದ ಕುರ್ಚಿ ನನ್ನದು.

ಹೀಗೆ ಎಲ್ಲವೂ ಸುಖಾಂತವಾದ ಮೇಲೂ ಈ ಪತ್ರವೇಕೆ ಎಂದು ತಾವು ಕೇಳಬಹುದು. ನನಗಾದದ್ದು ಇನ್ನೊಬ್ಬ ಮೇಸ್ತ್ರಿಗೆ ಆಗದಿರಲೆಂಬ ಕಳಕಳಿಯಿಂದ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ತಮ್ಮ ಮನೆಯ ಮುಂದೆ, ಎಡದ ಒಂದರ ಪಕ್ಕ ಎಲ್ಲರಿಗೂ ಕಾಣುವಂತೆ, “ಇಲ್ಲಿ ಭಾಗಾಕಾರ ನಡೆಯುವುದಿಲ್ಲ” ಎಂದು ದಯವಿಟ್ಟು ಒಂದು ಫಲಕ ತೂಗುಹಾಕಿ. ವಾರಕ್ಕೊಮ್ಮೆ, ಶನಿವಾರ ಮಧ್ಯಾಹ್ನದವರೆಗೆ ಮಾತ್ರವಾದರೂ, ಏಳರಿಂದ ಭಾಗವಾಗುವ ಅಭ್ಯಾಸ ಮಾಡಿಕೊಳ್ಳಿ. ಉಳಿಯುವುದು ಒಂದೇ ಒಂದು ತಾನೇ, ಅದನ್ನು ನಮ್ಮ ಅತ್ತೆಯವರ ಬಳಿ ಬಿಟ್ಟು ಹೋದರೆ ಜೋಪಾನವಾಗಿ ಇಟ್ಟುಕೊಂಡು ಸಂಜೆ ಹಿಂದಿರುಗಿಸುತ್ತಾರೆ. ಅದೂ ಆಗದಿದ್ದರೆ ಹಿಂದುಮುಂದಾಗಿ ತಿರುಗಿ ನಿಲ್ಲುವುದನ್ನಾದರೂ ಕಲಿಯಿರಿ. ಮುಖ್ಯವಾಗಿ, ನಮ್ಮ ಫ್ರಿಜ್ಜಿನ ಬಾಗಿಲಿನಿಂದ ತಾವಾಗಿಯೇ ಇಳಿದು ಹೋಗಿ ನಮ್ಮ ಫೋಟೋಗೆ ಜಾಗ ಬಿಡಬೇಕೆಂದು ಕೋರುತ್ತೇನೆ. ನಾನೇ ಇಳಿಸಬಹುದಿತ್ತು, ಆದರೆ ಅವಳು ನೋಡಿಬಿಟ್ಟರೆ ಕಷ್ಟ.

ಯಾರಿಗೂ ಪಾಲಾಗದ ತಮ್ಮ ಕೀರ್ತಿ ಹೀಗೆಯೇ ಮೆರೆಯಲಿ, ಆದರೆ ಸ್ವಲ್ಪ ದೂರದಲ್ಲಿ ಮೆರೆಯಲಿ ಎಂದು ಹಾರೈಸುತ್ತಾ,

ತಮ್ಮನ್ನು ಹೊತ್ತು, ಹಾಸಿ, ಒರೆಸಿ, ಈಗ ಸೋಮವಾರಕ್ಕಾಗಿ ಕಾದಿರುವ
ತಮ್ಮ ವಿಶ್ವಾಸಿ,
ನೆಲದ ಮೇಸ್ತ್ರಿ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಸೋಮವಾರವೂ ಬಂತು, ನನ್ನ ಶೋರೂಮಿಗೆ ಮೊದಲ ಗಿರಾಕಿಯೂ ಬಂದರು. ಹೊಸ ಬಸ್ ನಿಲ್ದಾಣದ ಅಂಗಳಕ್ಕೆ ಹತ್ತು ಲಕ್ಷ ಬಿಲ್ಲೆ ಬೇಕಂತೆ, ಒಂದನ್ನೂ ಕತ್ತರಿಸಬಾರದಂತೆ. ನಾನು ಬೇಡ ಬೇಡವೆಂದು ಕೈಸನ್ನೆ ಮಾಡುತ್ತಿರುವಾಗಲೇ ಯಜಮಾನರು ಒಳಗಿನಿಂದ ಹತ್ತಿಯ ಪೆಟ್ಟಿಗೆ ತಂದರು. ಸಂಜೆ ಮನೆಯಲ್ಲಿ ವಿಷಯ ತಿಳಿಸಿದೆ. ನನ್ನ ಹೆಂಡತಿ ಪೆನ್ಸಿಲ್ ಹಿಡಿದು ಬಹಳ ಹೊತ್ತು ಕೂತು, ಕೊನೆಗೆ ಚಪ್ಪಾಳೆ ತಟ್ಟಿ, “ಇದೂ ಒಡೆಯಲ್ಲ ರೀ! ಒಂದು ಲಕ್ಷದ ಮೂರಕ್ಕೆ ಸ್ವಂತ ಅಣ್ಣ!” ಎಂದಳು. ಹೌದು ಮಾನ್ಯರೇ, ಹತ್ತು ಲಕ್ಷದ ಮೂರು ಕೂಡ ತಮ್ಮ ಮನೆತನದ್ದೇ, ಏಳಂಕಿಯ ಅವಿಭಾಜ್ಯಗಳಲ್ಲಿ ಮೊದಲನೆಯದಂತೆ. ಒಂಬೈನೂರ ತೊಂಬತ್ತೇಳು, ಅರವತ್ತಮೂರು, ನಲವತ್ತೈದರ ಮೂರು ಚೌಕಗಳನ್ನೂ ಅವಳು ಆಗಲೇ ಹುಡುಕಿಟ್ಟಿದ್ದಾಳೆ. ನನ್ನ ಮಂಡಿಗೆ ಇನ್ನು ಕೆಲಸವಿಲ್ಲ, ಈ ಸಲ ಬೇರೆ ಮೇಸ್ತ್ರಿಗಳ ಜೊತೆ ತಾನೇ ಹೋಗಿ ಜೋಡಿಸುತ್ತೇನೆ, ನೀವು ಹಾಯಾಗಿ ಕೂತಿರಿ ಎಂದು ಮಂಡಿಗೆ ಕಟ್ಟುವ ಮೆತ್ತೆಯನ್ನೂ ಕೊಂಡು ತಂದಿದ್ದಾಳೆ. ನಾಳೆಯಿಂದ ಶಾಲೆಗೆ ಬೇಸಿಗೆ ರಜೆ, ಅದು ಪೂರ್ತಿ ತಮ್ಮ ಅಣ್ಣನವರ ಜೊತೆಯಂತೆ. ನಾನು ಇಷ್ಟು ದಿನ ಬೇಡಿದ ಕುರ್ಚಿ ನನಗೆ ಸಿಕ್ಕಿದೆ, ಬಹಳ ಮೆತ್ತಗಿದೆ, ಅದರಲ್ಲಿ ಒಬ್ಬನೇ ಕೂತಿದ್ದೇನೆ. ಆದರೆ ತಮ್ಮ ಅಣ್ಣನವರಿಗೆ ಒಂದು ಮಾತು ಮೊದಲೇ ತಿಳಿಸಿಬಿಡಿ: ಈ ಕುರ್ಚಿಗೆ ಗಾಲಿಗಳಿವೆ, ಬಸ್ ನಿಲ್ದಾಣಕ್ಕೆ ದಾರಿ ಇಳಿಜಾರು, ನಾಳೆ ಬೆಳಿಗ್ಗೆ ಅವಳು ಮೊದಲ ಬಿಲ್ಲೆ ಇಡುವ ಹೊತ್ತಿಗೆ ನಾನು ಅಲ್ಲಿ ಅವಳ ಪಕ್ಕದಲ್ಲಿರುತ್ತೇನೆ.